ವಕೀಲರ ಗಾಡಿಯ ವೈಪರ್

“ಮಗ್ಗದ ಕುಣ್ಯಾಗ ಹುಟ್ಟಿದ ಹುಳಾ ನೀ. ಮೋಟಾರಿನ ಮಾತು ನಿನಗ್ಯಾಕಲೇ?”

ಹುನಗುಂದದ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ, ಮೂವತ್ತು ಮಂದಿ ಕೇಳುವ ಹಾಗೆ, ವಕೀಲ ಮಧುಸೂದನರಾಯರು ನನಗೆ ಹೇಳಿದ ಮಾತು ಇದು. ಮೂವತ್ತರಲ್ಲಿ ಅರ್ಧ ಜನ ಅವರ ಕಕ್ಷಿದಾರರು. ವಕೀಲರು ಬಾಯಿ ತೆರೆದಾಗ ನಗುವುದೂ ಅವರ ಖಟ್ಲೆಯ ಒಂದು ಭಾಗ. ನಕ್ಕರು. ಉಳಿದವರು ಅವರನ್ನು ನೋಡಿ ನಕ್ಕರು. ಚಹಾದಂಗಡಿಯ ಅಮೀನಪ್ಪ ಒಬ್ಬನೇ ನಗಲಿಲ್ಲ. ಅವನ ಬಾಯಿ ತುಂಬ ಎಲೆಅಡಿಕೆ ಇತ್ತು.

ನಾನು ಮಾಡಿದ ತಪ್ಪು ಇಷ್ಟೇ: ಕೇಳದೆ ಮಾತಾಡಿದ್ದೆ.

ಗಿಡದ ಕೆಳಗೆ ವಕೀಲರ ಕರೀ ಗಾಡಿ ನಿಂತಿತ್ತು. ಎಡಗಡೆಯ ದೀಪ ಒಡೆದಿತ್ತು, ಮಡ್ಗಾರ್ಡು ಒಳಕ್ಕೆ ಮಡಚಿಕೊಂಡಿತ್ತು. ಹಿಂದಿನ ದಿನ ಬಾಗಲಕೋಟೆಯಿಂದ ಬರುವಾಗ, ಅಮೀನಗಡ ದಾಟಿದ ಮೇಲೆ ರೋಹಿಣಿ ಮಳೆ ಒಮ್ಮೆಲೇ ಹೊಡೆದು, ಗಾಡಿ ಮೋರಿಯ ಕಟ್ಟೆಗೆ ತಾಗಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ವಕೀಲರ ಕರೀ ಟೊಪ್ಪಿಗೆ ಮಾತ್ರ ಕೆಸರಿನಲ್ಲಿ ಬಿದ್ದಿತ್ತು.

ಗಾಡಿಯ ಪಕ್ಕದಲ್ಲಿ ಡ್ರೈವರ್ ಖಾದರಬಾಷಾ ಕೈಕಟ್ಟಿ ನಿಂತಿದ್ದ. ಐವತ್ತೆಂಟು ವರ್ಷ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ನಡೆಸಿದವನು. ಮೂರು ವರ್ಷದಿಂದ ಈ ಗಾಡಿ ನಡೆಸುತ್ತಿದ್ದ. ಗಾಡಿ ಅವನಷ್ಟೇ ಹಳೆಯದಲ್ಲದಿದ್ದರೂ ಹಳೆಯದೇ. ಯಾವುದೋ ಜಹಗೀರುದಾರರ ಮನೆಯ ಲಿಲಾವಿನಲ್ಲಿ ವಕೀಲರು ಹಿಡಿದದ್ದು. ಗಾಡಿಯ ಜೊತೆ ಪುಸ್ತಕ ಬರಲಿಲ್ಲ, ಹೇಳಿಕೊಡುವವರೂ ಬರಲಿಲ್ಲ.

“ಖಾದರಾ, ನಿನ್ನ ಕಣ್ಣು ಹೋಗ್ಯಾವ,” ಎಂದಿದ್ದರು ವಕೀಲರು. “ಸೋಮವಾರ ಬಾಗಲಕೋಟಿಯಿಂದ ಹೊಸಾ ಡ್ರೈವರ್ ಬರ್ತಾನ. ನಿನ್ನ ಲೈಸನ್ ರದ್ದ ಮಾಡ್ರಿ ಅಂತ ಬಿಜಾಪುರಕ್ಕ ಅರ್ಜಿ ಬರೀತೀನಿ. ಇನ್ನೊಬ್ಬರ ಜೀವಾ ತಗೀಬಾರದು ನೀ. ಕೀಲಿ ಇಡು.”

ಖಾದರಬಾಷಾ, ನನಗೆ ಅವನು ಚಾಚಾ, ಕೀಲಿಯನ್ನು ಬಾನೆಟ್ಟಿನ ಮೇಲೆ ಇಟ್ಟ. ಇಟ್ಟ ಮೇಲೆ ಆ ಕೈಯನ್ನು ಎಲ್ಲಿ ಇಡಬೇಕೋ ತಿಳಿಯದೆ ಗಡ್ಡದ ಮೇಲೆ ಇಟ್ಟುಕೊಂಡ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಈ ಗಾಡಿ ಹೋದರೆ ಇನ್ನೊಂದು ಗಾಡಿ ಸಿಕ್ಕೀತು. ಲೈಸನ್ಸ್ ಹೋದರೆ ಅವನು ಯಾವ ಗಾಡಿಯನ್ನೂ ಮುಟ್ಟುವ ಹಾಗಿಲ್ಲ. ಸ್ಟೇರಿಂಗ್ ಹಿಡಿಯುವುದನ್ನು ಬಿಟ್ಟು ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ.

“ಚಾಚಾನ ಕಣ್ಣು ಹೋಗಿಲ್ರಿ, ರಾವಸಾಹೇಬ್ರ,” ಎಂದೆ. “ಗಾಡಿದು ವೈಪರ್ ಹೋಗೇತಿ.”

ಆಗ ಬಂದದ್ದು ಹುಳದ ಮಾತು. ಅದಕ್ಕೇ ನಿಲ್ಲಲಿಲ್ಲ. “ಐದನೇ ಇಯತ್ತಾ ದಾಟಲಾರದಾಂವ. ಅವ್ವ ಇಲಕಲ್ಲಿನಾಗ ಕಂಡಿಕಿ ಸುತ್ತತಾಳ, ಮಗ ಇಲ್ಲಿ ಸೈಕಲ್ಲಿಗೆ ಗಾಳಿ ಹೊಡೀತಾನ. ಇಂಥಾವ ನನಗ ಮೋಟಾರಿನ ಪಾಠಾ ಹೇಳ್ತಾನ!”

ಎಲ್ಲವೂ ಖರೆ. ನಾನು ಹುಚ್ಚೇಶ, ಇಲಕಲ್ಲಿನ ನೇಕಾರರ ಮನೆಯವನು. ಐದನೇ ಇಯತ್ತೆಯಲ್ಲಿ ಮಾಸ್ತರರು ‘ಯಾಕ ಅಂತ ಕೇಳಬ್ಯಾಡ’ ಎಂದರು, ನಾನು ‘ಯಾಕ?’ ಎಂದೆ, ಅಲ್ಲಿಗೆ ಸಾಲಿ ಮುಗಿಯಿತು. ಅಪ್ಪ ಇರುವ ತನಕ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ, ಅಪ್ಪ ಹೋದ ಮೇಲೆ ಈ ಬೇವಿನ ಗಿಡದ ಕೆಳಗೆ ಸೈಕಲ್ ರಿಪೇರಿ. ಕೋರ್ಟು ನಡೆಯುವ ಹೊತ್ತಿನಲ್ಲಿ ಗಾಡಿ ಗಿಡದ ಕೆಳಗೆ ನಿಲ್ಲುತ್ತಿತ್ತು. ಬಾನೆಟ್ ಎತ್ತಿ ಇದು ಇದು, ಅದು ಅದು ಎಂದು ನನಗೆ ತೋರಿಸಿಕೊಟ್ಟವನು ಚಾಚಾ. ನಾನು ‘ಯಾಕ’ ಎಂದು ಕೇಳಿದರೆ ಅವನು ಉತ್ತರ ಹೇಳುತ್ತಿದ್ದ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದ. ಸಾಲಿಯಲ್ಲಿ ಅಂಥವರು ಇದ್ದಿದ್ದರೆ ನಾನೂ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗುತ್ತಿದ್ದೆ.

“ಪಾಠಾ ಬ್ಯಾಡ್ರಿ,” ಎಂದೆ. “ಬಿಚ್ಚಿ ತೋರಸ್ತೀನಿ. ವೈಪರ್ ಸುದ್ದ ಮಾಡಿ ಕೊಡ್ತೀನಿ. ಆಮ್ಯಾಲ ಮಳ್ಯಾಗ ಚಾಚಾ ನಡಸ್ಲಿ, ನೀವು ಹಿಂದ ಕುಂಡ್ರಿ. ಕಣ್ಣು ಹೋಗ್ಯಾವೋ ಇಲ್ಲೋ ನೀವ ನೋಡ್ರಿ.”

“ನೀ ಮುಟ್ಟಿದ ಮ್ಯಾಲೂ ಅದು ನಿಂತ್ರ?”

“ಪೆಟಿಗಿ ಎತ್ಕೊಂಡು ಇಲಕಲ್ಲಿಗೆ ಹೋಗ್ತೀನಿ. ಕುಣ್ಯಾಗ ಕಾಲು ಬಿಟ್ಟು ಕುಂಡ್ರತೀನಿ. ನಿಮ್ಮ ಹುನಗುಂದಕ್ಕ ಮತ್ತ ಬರಂಗಿಲ್ಲ. ನಿಲ್ಲಲಿಲ್ಲಂದ್ರ, ಆ ಕೀಲಿ ಇದ ಗಿಡದ ಕೆಳಗ, ಇದ ಮಂದಿ ಮುಂದ, ಚಾಚಾನ ಕೈಯಾಗ ಕೊಡಬೇಕು. ಅರ್ಜಿ ಬರಿಬಾರದು.”

ವಕೀಲರು ಇಲ್ಲ ಎನ್ನುವುದರಲ್ಲಿದ್ದರು. ಅಷ್ಟರಲ್ಲಿ ಅಮೀನಪ್ಪ ಗಿಡದ ಬುಡಕ್ಕೆ ಉಗುಳಿ ಬಾಯಿ ಖಾಲಿ ಮಾಡಿಕೊಂಡು, “ವಕೀಲ್ರ, ಹುಡುಗ ಕರಾರು ಹಾಕಾಕತ್ತಾನ. ಕರಾರಿಗೆ ನೀವ ಅಂಜಿದ್ರ ನಾವೆಲ್ಲಿ ಹೋಗೂಣ್ರಿ?” ಎಂದ. ಈ ಸಲ ಮಂದಿ ಮೊದಲೇ ನಕ್ಕರು.

“ಶನಿವಾರ ತನಕ,” ಎಂದರು ವಕೀಲರು. ಅಂದು ಬುಧವಾರ.

ಗುರುವಾರ ಮುಂಜಾನೆ ವಕೀಲರ ವಾಡೆಯ ಅಂಗಳದಲ್ಲಿ ಗಾಡಿಯ ಬಾನೆಟ್ ಎತ್ತಿದೆ. ಚಾಚಾ ಮೆಟ್ಟಿಲ ಮೇಲೆ ಕುಳಿತಿದ್ದ. ಗಾಡಿ ಮುಟ್ಟಬಾರದು ಎಂದು ಅವನಿಗೆ ಹುಕುಂ ಆಗಿತ್ತು. ಬಾಯಿಗೆ ಆಗಿರಲಿಲ್ಲ.

ಹಳೆಯ ಗಾಡಿಗಳ ವೈಪರ್ ಕರೆಂಟಿನಿಂದ ತಿರುಗುವುದಿಲ್ಲ. ಇಂಜಿನ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದಲ್ಲ, ಆ ಎಳೆತದಿಂದಲೇ ನಡೆಯುತ್ತದೆ. ಇಂಜಿನ್ನಿನಿಂದ ಒಂದು ರಬ್ಬರ್ ನಳಿಗೆ ಬಂದು, ಗಾಜಿನ ಕೆಳಗಿರುವ ಅಂಗೈಯಷ್ಟು ಅಗಲದ ಡಬ್ಬಿಗೆ ಸೇರುತ್ತದೆ. ಡಬ್ಬಿಯೊಳಗೆ ತೊಗಲಿನ ಅಂಚಿನ ಒಂದು ರೆಕ್ಕೆ. ಗಾಳಿ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಎಳೆದಂತೆ ರೆಕ್ಕೆ ಹೊರಳುತ್ತದೆ. ಅದರ ಜೊತೆ ಗಾಜಿನ ಮೇಲೆ ವೈಪರ್ ಹೊರಳುತ್ತದೆ. ಇದಕ್ಕೆ ಒಂದು ಐಬು ಇದೆ. ಏರಿನಲ್ಲಿ ಎಕ್ಸಲೇಟರ್ ತುಳಿದರೆ ಎಳೆತ ಕಡಿಮೆಯಾಗಿ ವೈಪರ್ ನಿಧಾನವಾಗುತ್ತದೆ.

“ಅವಾಗ ಕಾಲು ಎತ್ತಬೇಕು, ಬೇಟಾ,” ಎಂದ ಚಾಚಾ. “ಎತ್ತಿದ್ರ ಒಂದು ಸಲ ಹೊಡೀತೈತಿ. ಮತ್ತ ತುಳಿ, ಮತ್ತ ಎತ್ತು. ಮೊನ್ನೆ ನಾ ಎತ್ತಿದೆ. ಮೂರು ಸಲ ಎತ್ತಿದೆ. ಅರ್ಧಾ ಗಾಜಿನ ತನಕ ಬಂದು ನಿಂತು ಬಿಟ್ಟಿತು, ಸತ್ತವರ ಕೈ ನಿಂತಂಗ.”

“ನಿನ್ನಿ ಮಂದ್ಯಾಗ ಹೇಳಬೇಕಿತ್ತಲ್ಲ ಇದನ್ನ?”

“ಹೇಳಿದ್ರ ನೆವಾ ಹೇಳ್ತಾನ ಅಂತಾರ.”

ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ನೋಡುವ ಹೊತ್ತು ಅದಲ್ಲ. ಇಂಜಿನ್ ಚಾಲೂ ಮಾಡಿ, ನಳಿಗೆಯನ್ನು ಡಬ್ಬಿಯಿಂದ ಕಿತ್ತು ಅದರ ಬಾಯಿಗೆ ಬೆರಳಿಟ್ಟೆ. ಬೆರಳಿನ ತೊಗಲು ಒಳಗೆ ಹೋಗುವ ಹಾಗೆ ಎಳೆಯಿತು. ಅಂದರೆ ಇಂಜಿನ್ ಸರಿ ಇದೆ. ನಳಿಗೆಯ ತುದಿ ಒಣಗಿ ಸೀಳಿತ್ತು, ಎರಡು ಬೆರಳಷ್ಟು ಕತ್ತರಿಸಿ ಹಾಕಿದೆ. ಆಮೇಲೆ ವೈಪರ್ ಹಿಡಿಯನ್ನು ಕೈಯಿಂದಲೇ ತಿರುಗಿಸಿ ನೋಡಿದೆ. ಎಡಕ್ಕೆ ನಾಲ್ಕು ಬೆರಳು ಹೊರಳಿ ಅಂಟಿಕೊಂಡಿತು. ರೋಗ ಡಬ್ಬಿಯಲ್ಲಿತ್ತು.

ಡಬ್ಬಿಯ ತಿರುಪುಗಳನ್ನು ಬಿಚ್ಚಿದೆ. ಮುಚ್ಚಳ ಬರಲಿಲ್ಲ, ಯಾರೋ ಬಡಿಗರ ಅಂಟು, ಸರಸು, ಹಚ್ಚಿ ಕೂರಿಸಿದ ಹಾಗೆ ಹಿಡಿದುಕೊಂಡಿತ್ತು. ಚಾಕು ಹಾಕಿ ಎಬ್ಬಿಸಿದರೆ ಒಳಗೆಲ್ಲ ಕೆಂಪುಹಳದಿ ಬಣ್ಣದ ಅಂಟು. ತೊಗಲಿನ ರೆಕ್ಕೆ ಹಪ್ಪಳದ ಹಾಗೆ ಸೆಟೆದಿತ್ತು. ಅಚ್ಚಿನ ಸುತ್ತ ಇದ್ದದ್ದು ಅಂಟೂ ಅಲ್ಲ, ಅರಗು.

“ಇದಕ್ಕ ಏನ್ ಎಣ್ಣಿ ಹಾಕ್ತಿದ್ದಿ ಚಾಚಾ?”

“ನಾ? ನಾ ಅದನ್ನ ಮುಟ್ಟೇ ಇಲ್ಲ. ವರ್ಷಕ್ಕ ನಾಕು ದಿನಾ ಮಳಿ ನಮ್ಮ ಕಡೆ. ಅದಕ್ಕ ಯಾರು ಎಣ್ಣಿ ಹಾಕ್ತಾರ?” ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: “ಆ ಗಾಜಿನ ಬಾಟ್ಲಿನೂ ನಾ ಮುಟ್ಟಂಗಿಲ್ಲ.”

ಬಾನೆಟ್ಟಿನ ಕೆಳಗೆ, ಮೂಲೆಯಲ್ಲಿ, ಒಂದು ಗಾಜಿನ ಬಾಟಲಿ ಇತ್ತು. ಒಳಗೆ ಒಂದು ತಟುಕು ಹಸಿರು ನೀರು. ಮುಂದಿನ ಗಾಜಿಗೆ ಕೆಸರು ಹಾರಿದರೆ, ಗುಂಡಿ ಒತ್ತಿದಾಗ ಆ ಬಾಟಲಿಯ ನೀರು ಎರಡು ಸಣ್ಣ ಮೂತಿಗಳಿಂದ ಗಾಜಿನ ಮೇಲೆ ಚಿಮ್ಮಬೇಕು. ಒತ್ತಿದೆ. ಒಂದು ಮೂತಿಯಿಂದ ಏನೂ ಬರಲಿಲ್ಲ. ಇನ್ನೊಂದರಿಂದ ಎರಡು ಹನಿ, ಮುದುಕನ ಉಚ್ಚೆಯ ಹಾಗೆ, ಬಾನೆಟ್ಟಿನ ಮೇಲೇ ಬಿತ್ತು.

“ಯಾಕ ಮುಟ್ಟಂಗಿಲ್ಲ?”

“ದೇವರ ನೀರಂತ. ರಾವಸಾಹೇಬ್ರು ತಾವ ತುಂಬತಾರ. ‘ಖಾದರಾ, ಇದಕ್ಕ ಕೈ ಹಚ್ಚಬ್ಯಾಡ’ ಅಂದಾರ. ನಾ ಕೈ ಹಚ್ಚಿಲ್ಲ.”

ಮೂರು ವರ್ಷ ಕೈ ಹಚ್ಚಲು ಬಿಡಲಿಲ್ಲ. ಗಾಜಿನಲ್ಲಿ ದಾರಿ ಕಾಣಲಿಲ್ಲ ಎಂದರೆ ಕಣ್ಣು ಹೋಗಿವೆ ಎಂದರು. ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬೀಸಿ ಒಗೆದೆ. ಅದು ತುಳಸಿಕಟ್ಟೆಗೆ ಬಡಿದು ಟಣ್ ಎಂದಿತು. ಚಾಚಾ ಎದ್ದುಹೋಗಿ ಅದನ್ನು ತಂದು, ಒರೆಸಿ, ಮತ್ತೆ ನನ್ನ ಕೈಗೇ ಕೊಟ್ಟ.

ಡಬ್ಬಿಯನ್ನು ಚಿಮಣಿ ಎಣ್ಣೆಯಲ್ಲಿ ಎರಡು ತಾಸು ನೆನೆಸಿದೆ. ಚಿಮಣಿ ಎಣ್ಣೆಗೆ ಗ್ರೀಸು ಬಿಡುತ್ತದೆ, ಡಾಂಬರು ಬಿಡುತ್ತದೆ, ಇದು ಬಿಡಲಿಲ್ಲ. ಅಲ್ಲಿಗೆ ನನಗೆ ತಿಳಿದದ್ದು ಮುಗಿಯಿತು. ಡಬ್ಬಿ, ರೆಕ್ಕೆ ಎರಡನ್ನೂ ಅರಿವೆಯಲ್ಲಿ ಕಟ್ಟಿ ಸೈಕಲ್ಲಿಗೆ ಹಾಕಿಕೊಂಡು ಎಂಟು ಮೈಲು ತುಳಿದು ಇಲಕಲ್ಲಿಗೆ ಹೋದೆ. ದಾರಿಯುದ್ದಕ್ಕೂ ಹುಳದ ಮಾತು ನನ್ನ ಜೊತೆ ಬಂತು. ಕುಣಿಗೇ ಹೊರಟಿದ್ದೆನಲ್ಲ.

ಅವ್ವ ಪಡಸಾಲೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ರಾಟಿ ತಿರುಗಿಸುತ್ತಿದ್ದಳು. ಅವಳ ಹೆಸರು ಬಾಳವ್ವ. ಡಬ್ಬಿ ಮುಂದಿಟ್ಟೆ. ಅವಳು ರಾಟಿ ನಿಲ್ಲಿಸಿ, ಉಗುರಿನಿಂದ ಅಂಟು ಕೆರೆದು, ಬೆರಳಲ್ಲಿ ತಿಕ್ಕಿ ಮೂಸಿದಳು.

“ಕುಸಬಿ ಎಣ್ಣಿ ಅಲ್ಲೇನೋ ಇದು?”

“ಕುಸಬಿ ಎಣ್ಣಿ ಮೋಟಾರಿಗೆ ಯಾರು ಹಾಕ್ತಾರಬೇ?”

“ಯಾರು ಹಾಕ್ತಾರ ನನಗೇನ ಗೊತ್ತು? ಒಗ್ಗರಣಿ ಬೋಗುಣಿ ಅಂಚಿಗೆ ಇದ ಹತ್ತಿರತೈತಿ, ದಿನಾ ತಿಕ್ಕಾಕಿ ನಾ. ನಿಮ್ಮಪ್ಪ ಇದನ್ನ ಮಗ್ಗದ ಹಂತ್ಯಾಕ ಬರಗೊಡತಿರಲಿಲ್ಲ. ಒಮ್ಮೆ ಔಡಲ ಎಣ್ಣಿ ತೀರಿತ್ತಂತ ನಾ ಇದನ್ನ ಹಚ್ಚಿದ್ದಕ್ಕ ಎರಡು ದಿನಾ ನನ್ನ ಕೂಡ ಮಾತ ಬಿಟ್ಟಿದ್ದ. ಇದು ಬಾಯಿಗೆ ಎಣ್ಣಿ, ಗಾಳಿಗೆ ಅಂಟು.”

ನನಗೆ ನಾಚಿಕೆಯಾಯಿತು. ಇದು ನನಗೇ ಗೊತ್ತಿದ್ದ ವಿಷಯ. ಹಿಂದೆ ಬಾವಿಯಿಂದ ನೀರು ಎತ್ತುವ ತೊಗಲಿನ ಬಾನಿಗೆ ಕುದಿಸಿದ ಕುಸಬಿ ಎಣ್ಣೆ ಬಳಿಯುತ್ತಿದ್ದದ್ದೇ ಅದು ಗಟ್ಟಿಯಾಗಲಿ ಎಂದು. ಮೋಟಾರು ಎಂದ ಕೂಡಲೇ ನಾನು ಮನೆಯಲ್ಲಿ ಕಲಿತದ್ದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಅವ್ವ ಅಷ್ಟಕ್ಕೇ ಬಿಡಲಿಲ್ಲ. ಅಂಟಿನಿಂದ ಏನನ್ನೋ ಹಿಡಿದು ಮೆಲ್ಲಗೆ ಎಳೆದಳು. ಬಿಳಿಯ ಎಳೆ, ಅರ್ಧ ಬೆರಳುದ್ದ. ಬೆಳಕಿಗೆ ಹಿಡಿದಳು.

“ಇದು ನೂಲಲ್ಲ. ಹುರಿ ಇಲ್ಲ ನೋಡು ಇದಕ್ಕ. ಇದು ಅಂಗೈ ಮ್ಯಾಲ ಹೊಸೆದಿದ್ದು.” ಇನ್ನೊಮ್ಮೆ ಮೂಸಿದಳು. “ಬತ್ತಿ, ಹುಚ್ಚೇಶಾ. ದೀಪದ ಬತ್ತಿ. ದೇವರ ಮುಂದಿನ ದೀಪದ ಎಣ್ಣಿ ಯಾರೋ ಇದರಾಗ ಸುರಿದಾರ. ಕುಂಕುಮನೂ ಐತಿ ಇಲ್ಲೆ.”

ಐವತ್ತು ವರ್ಷ ನೂಲು ಹಿಡಿದ ಬೆರಳು ಅದು. ಬಿಜಾಪುರದ ಮೋಟಾರು ಸಾಹೇಬರು ಕುರ್ಚಿ ಹಾಕಿಕೊಂಡು ಕುಳಿತರೂ ಇಷ್ಟು ಬೇಗ ಹೇಳುತ್ತಿರಲಿಲ್ಲ. ಹುಳವಂತೆ!

ಅಂಟು ಬಿಡಿಸುವ ದಾರಿಯೂ ಅವಳದೇ. ಹಸಿ ರೇಷ್ಮೆಯ ಅಂಟು ತೆಗೆಯಲು ಸೋಡಾ, ಸಾಬೂನು ಹಾಕಿ ಕುದಿಸುತ್ತಾರಲ್ಲ, ಅದೇ ಪಾತೇಲಿಯಲ್ಲಿ ಡಬ್ಬಿಯನ್ನು ಇಳಿಬಿಟ್ಟಳು. “ತೊಗಲು ಹಾಕಬ್ಯಾಡ, ಸುಟ್ಟ ಹೋಗತೈತಿ,” ಎಂದು ರೆಕ್ಕೆಯನ್ನು ಬೇರೆ ತೆಗೆದಿಟ್ಟಳು. ಒಂದು ತಾಸಿಗೆ ಅರಗು ಸಿಪ್ಪೆಯಾಗಿ ಎದ್ದು ಬಂತು. ತೊಗಲಿನ ಮೇಲಿನದನ್ನು ಚಿಮಣಿ ಎಣ್ಣೆಯ ಅರಿವೆಯಿಂದ, ಗಾಯ ಒರೆಸುವ ಹಾಗೆ, ಸ್ವಲ್ಪ ಸ್ವಲ್ಪವೇ ಒರೆಸಿ, ಬೆಚ್ಚಗಿನ ಔಡಲ ಎಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ಮುಳುಗಿಸಿ ಬಿಟ್ಟೆವು. ಮರುದಿನ ಮುಂಜಾನೆ ಅದು ಕಿವಿಯ ಹಾಗೆ ಮಡಚುತ್ತಿತ್ತು.

ಕೆರೆದ ಅಂಟನ್ನು, ಬತ್ತಿಯ ಎಳೆಯನ್ನು ಒಂದು ಖಾಲಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ಶುಕ್ರವಾರ ವಾಡೆಗೆ ಬಂದು ಡಬ್ಬಿ ಕೂರಿಸಿದೆ. ಅಚ್ಚಿಗೆ ಔಡಲ ಎಣ್ಣೆ, ಅದೂ ಎರಡೇ ಹನಿ. ವೈಪರಿನ ರಬ್ಬರು ಬಿರುಕುಬಿಟ್ಟಿತ್ತು. ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎರಡು ಪದರು ಮಾಡಿ ಹಾಕಿದೆ. ಮುಂದಿನ ಗಾಜಿನ ಮೇಲೂ ಎಣ್ಣೆಯ ಪೊರೆ ಕುಳಿತಿತ್ತು. ನೀರು ಬಿದ್ದರೆ ಗಾಜೆಲ್ಲ ಮಸಕು. ಸೋಸಿದ ಬೂದಿಯನ್ನು ಒದ್ದೆ ಮಾಡಿ ತಿಕ್ಕಿ ತೊಳೆದೆ. ಇನ್ನು ಉಳಿದದ್ದು ಆ ಬಾಟಲಿ.

ಅದಕ್ಕೆ ಕೈ ಹಾಕಿದ ಕೂಡಲೇ ಹಿಂದಿನಿಂದ ದನಿ ಬಂತು.

“ಅದನ್ನ ಮುಟ್ಟಬ್ಯಾಡೋ, ತಮ್ಮಾ!”

ವಕೀಲರ ತಾಯಿ ಜಾನಕಿಬಾಯಿ. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಬಾಗಿಲಲ್ಲಿ ನಿಂತಿದ್ದರು.

“ಮುಟ್ಟೀನ್ರಿ, ಬಾಯಾರ,” ಎಂದೆ. ಬಾಟಲಿಯನ್ನು ಕಿತ್ತು ಕೈಯಲ್ಲಿ ಹಿಡಿದು ಅವರಿಗೆ ತೋರಿಸಿದೆ. “ಮುಟ್ಟಲಿಲ್ಲಂದ್ರ ನಿಮ್ಮ ಮಗಾ ಇನ್ನೊಂದು ಮೋರಿಗೆ ಬೀಳ್ತಾರ. ಆ ಮೋರಿ ಇಷ್ಟ ಗಿಡ್ಡ ಇರಲಿಕ್ಕಿಲ್ಲ.”

ಬಾಟಲಿಯ ತಳದಲ್ಲಿ ಕರಿಯ ಎಲೆಗಳು ಕೊಳೆತು ಕುಳಿತಿದ್ದವು. ಎರಡು ಎಲೆ ನಳಿಗೆಯ ಬಾಯಿಗೇ ಅಂಟಿದ್ದವು. ಮೂತಿಗಳಲ್ಲಿ ಸವಳು ನೀರಿನ ಬಿಳಿ ಗಟ್ಟು. ಎಲೆಯೊಂದನ್ನು ಕಡ್ಡಿಯಿಂದ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡೆ. ತುಳಸಿ.

ಬೈಯುತ್ತಾರೆ ಎಂದುಕೊಂಡಿದ್ದೆ. ಆಕೆ ಎರಡು ಮೆಟ್ಟಿಲು ಇಳಿದು ಬಂದು ಎಲೆ ನೋಡಿದರು, ಗಾಡಿ ನೋಡಿದರು, ಆಮೇಲೆ ಹಣೆ ಬಡಿದುಕೊಂಡರು.

“ನಾ ಹೇಳಿದ್ದೆ ಅವಗ. ಮಹಾನವಮಿ ಖಂಡೇಪೂಜಿಗೆ ಕುಂಕುಮ ಹಚ್ಚು, ಕಾಯಿ ಒಡಿ, ಸಾಕು ಅಂದೆ. ಕೇಳಲಿಲ್ಲ. ‘ಅವ್ವಾ, ಈ ಗಾಡಿ ತನ್ನ ಮುಂದ ತಾನ ತೀರ್ಥ ಸಿಂಪಡಿಸಿಕೋತದ, ನೋಡು’ ಅಂದ. ಬನಶಂಕರಿ ಹೊಂಡದ ನೀರು ತಂದ, ತುಳಸಿ ಹಾಕಿದ. ನಂದಾದೀಪದ ಎಣ್ಣಿ ಕೀಲು ಕೀಲಿಗೆ ಬಿಟ್ಟ. ಯಂತ್ರಕ್ಕ ದೇವರ ಎಣ್ಣಿ ಬಿದ್ರ ದೇವರ ಕಾವಲು ಅಂತ. ಮೂರು ವರ್ಷಾತು.” ಬಾಟಲಿಯ ಕಡೆ ಕೈ ಮಾಡಿ ಕೇಳಿದರು: “ಇದರಿಂದನ ಆತೇನೋ?”

“ಇದರಿಂದನ ಆತ್ರಿ.”

“ಖಾದರಬಾಷಾನ ತಪ್ಪಿಲ್ಲ?”

“ಇಲ್ರಿ.”

ಅವರು ಮೆಟ್ಟಿಲ ಕಡೆ ನೋಡಿದರು. ಚಾಚಾ ಅಲ್ಲೇ ತಲೆ ತಗ್ಗಿಸಿ ಕುಳಿತಿದ್ದ. ಆಕೆ ಒಳಗೆ ಹೋಗಿ ಒಂದು ತಂಬಿಗೆ ಕಾಸಿ ಆರಿಸಿದ ನೀರು ತಂದು ನನ್ನ ಮುಂದೆ ಇಟ್ಟರು. “ಇದನ್ನ ಹಾಕು. ಇದು ಬರೇ ನೀರು,” ಎಂದರು. ತಿರುಗಿ ಹೋಗುವಾಗ ನಿಂತು, “ಮಂದ್ಯಾಗ ಅವನ ಮಾನಾ ಕಳಿಬ್ಯಾಡಪಾ,” ಎಂದರು.

ನಾನು ಹೂಂ ಎನ್ನಲಿಲ್ಲ. ಮಂದಿಯಲ್ಲಿ ನನ್ನ ಮಾನ ಕಳೆದಾಗ, ನನ್ನ ಅವ್ವನನ್ನು ಎಳೆದು ತಂದಾಗ, ಯಾರೂ ಯಾರಿಗೂ ಹಾಗೆ ಹೇಳಿರಲಿಲ್ಲ.

ಮೂತಿಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ, ಸೈಕಲ್ ಬ್ರೇಕಿನ ತಂತಿಯಿಂದ ಒಂದು ಎಳೆ ಕಿತ್ತು ಅದರಿಂದ ತೂತು ಬಿಡಿಸಿದೆ. ನೀರನ್ನು ಅರಿವೆಯಲ್ಲಿ ಸೋಸಿ ಬಾಟಲಿಗೆ ತುಂಬಿದೆ. ಗುಂಡಿ ಒತ್ತಿದೆ. ಎರಡು ಚಿಲುಮೆ ಗಾಜಿನ ನಡುವಿಗೆ ಹೋಗಿ ಬಿದ್ದವು. ವೈಪರ್ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ಚಾಚಾ ಎದ್ದು ಬಂದು, ಗಾಡಿ ಮುಟ್ಟದೆ, ಗಾಜಿಗೆ ಮುಖ ಹತ್ತಿರ ತಂದು ನೋಡಿದ. ನೋಡುತ್ತಲೇ ಇದ್ದ.

“ಮಳಿ ಬರಬೇಕಲ್ಲೋ ಬೇಟಾ,” ಎಂದ.

ತುಳಸಿ ಎಲೆಯೂ ಕಡ್ಡಿಪೆಟ್ಟಿಗೆಗೆ ಹೋಯಿತು.

ಶನಿವಾರ ಮಧ್ಯಾಹ್ನದ ತನಕ ಮುಗಿಲು ತೊಳೆದ ಹಾಗಿತ್ತು. ಕಕ್ಷಿದಾರರು ಬೇಕೆಂದೇ ಗಿಡದ ಕೆಳಗೆ ಕುಳಿತಿದ್ದರು. ಅಮೀನಪ್ಪ, “ಹುಚ್ಚೇಶಾ, ಪೆಟಿಗಿ ಕಟ್ಟಲೇನೋ? ಹಗ್ಗಾ ನಂದ ಕೊಡ್ತೀನಿ,” ಎಂದ. ಮೂರು ಹೊಡೆದ ಮೇಲೆ ಬಾದಾಮಿಯ ದಿಕ್ಕಿನಿಂದ ಕರಿ ಮೋಡ ಎದ್ದಿತು. ರೋಹಿಣಿ ಮುಗಿದು ಮೃಗಶಿರಾ, ನಮ್ಮ ಮಿರಗದ, ಮೊದಲ ಮಳೆ. ವಕೀಲರು ಬೇರೆ ಟೊಪ್ಪಿಗೆ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ಚಾಚಾ ಮುಂದೆ, ನಾನು ಅವನ ಪಕ್ಕದಲ್ಲಿ. ಅಮೀನಗಡದ ದಾರಿ ಹಿಡಿದೆವು.

ಎರಡನೇ ಮೈಲಿಗಲ್ಲಿಗೆ ಮಳೆ ಸಿಕ್ಕಿತು. ಅದು ಹನಿಯಾಗಿ ಬರಲಿಲ್ಲ, ಹಗ್ಗ ಹಗ್ಗವಾಗಿ ಬಂತು. ಚಾಚಾ ಗುಂಡಿ ತಿರುಗಿಸಿದ. ವೈಪರ್ ಹೊರಟಿತು. ಸಪಾಟು ದಾರಿಯಲ್ಲಿ ಚೊಕ್ಕ ನಡೆಯಿತು. ಏರು ಬಂತು, ನಿಧಾನವಾಯಿತು, ಇನ್ನೂ ನಿಧಾನವಾಯಿತು.

“ನಿಂತಿತು!” ಎಂದರು ವಕೀಲರು. “ನೋಡು, ನಿಂತಿತು! ನಾ ಹೇಳಲಿಲ್ಲೇನು?”

ಚಾಚಾ ಕಾಲೆತ್ತಿದ. ವೈಪರ್ ಛಟ್ಟನೆ ಹೊರಳಿ ಗಾಜನ್ನೆಲ್ಲ ಬಳಿದುಕೊಂಡು ಬಂತು. ತುಳಿದ, ಎತ್ತಿದ. ಮತ್ತೆ ಬಂತು. ಎದುರಿನಿಂದ ಒಂದು ಲಾರಿ ಗುಂಡಿಯಲ್ಲಿ ಇಳಿದು ಬುಟ್ಟಿಯಷ್ಟು ಕೆಂಪು ಕೆಸರನ್ನು ನಮ್ಮ ಗಾಜಿಗೆ ಎರಚಿ ಹೋಯಿತು. ಲೋಕವೇ ಕಾಣದಾಯಿತು. ನಾನು ಬಾಟಲಿ ನೀರಿನ ಗುಂಡಿ ಒತ್ತಿದೆ. ಎರಡು ಚಿಲುಮೆ, ಎರಡು ಹೊಡೆತ. ದಾರಿ ಬಂತು.

ಅದೇ ಮೋರಿ ಇನ್ನೂ ಒಂದು ಕೂಗಳತೆ ಇರುವಾಗ ಚಾಚಾ ಬ್ರೇಕ್ ಹಾಕಿ ಗಾಡಿ ನಿಲ್ಲಿಸಿದ.

“ಯಾಕ ನಿಂತಿ? ಇಲ್ಲೇನದ?”

“ಕುರಿ ಅದಾವ್ರಿ, ಸಾಹೇಬ್ರ.”

“ಎಲ್ಲಿ ಕುರಿ? ನನಗೇನೂ ಕಾಣಸವಲ್ದು.”

ವೈಪರ್ ಒಂದು ಸಲ ಹೊರಳಿತು. ಮೋರಿಯ ಮೇಲೆ, ರಸ್ತೆಯ ಬಣ್ಣವೇ ಆಗಿ, ನಲವತ್ತು ಐವತ್ತು ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ನಡುವೆ ಕಂಬಳಿ ಹೊದ್ದ ಕುರಿಗಾರ, ಅವನ ಹೆಗಲ ಮೇಲೆ ಒಂದು ಮರಿ. ವಕೀಲರು ಚಸ್ಮಾ ತೆಗೆದು ಧೋತರದ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

ನಾನು ಹಿಂದಕ್ಕೆ ತಿರುಗಿದೆ. “ಕಣ್ಣು ಯಾರವು ಹೋಗ್ಯಾವ್ರಿ, ರಾವಸಾಹೇಬ್ರ?”

ಚಾಚಾ ನನ್ನ ತೊಡೆಗೆ ಚಿವುಟಿದ. ಎರಡು ದಿನ ಆ ಗುರುತು ಇತ್ತು. ಕುರಿಗಳೆಲ್ಲ ದಾಟುವ ತನಕ ಗಾಜಿನ ಮೇಲೆ ವೈಪರ್ ಹೋಗುತ್ತ ಬರುತ್ತ ಇತ್ತು.

ನಾವು ಹುನಗುಂದಕ್ಕೆ ತಿರುಗಿ ಬಂದಾಗ ಮಳೆ ನಿಂತಿತ್ತು. ಬೇವಿನ ಗಿಡ ಇನ್ನೂ ಹನಿಸುತ್ತಿತ್ತು. ಮಂದಿ ಚಹಾದಂಗಡಿಯ ತಗಡಿನ ಕೆಳಗಿನಿಂದ ಹೊರಗೆ ಬಂದು ಗಾಡಿಯ ಸುತ್ತ ನಿಂತರು. ಯಾರೂ ಏನೂ ಕೇಳಬೇಕಾಗಿರಲಿಲ್ಲ. ವೈಪರ್ ಇನ್ನೂ ನಡೆಯುತ್ತಿತ್ತು. ಚಾಚಾ ಅದನ್ನು ನಿಲ್ಲಿಸಿಯೇ ಇರಲಿಲ್ಲ. ಒಣಗುತ್ತಿದ್ದ ಗಾಜಿನ ಮೇಲೆ ಕಿರ್ ಕಿರ್ ಎನ್ನುತ್ತ ಎಲ್ಲರ ಕಣ್ಣ ಮುಂದೆ ಹೊರಳುತ್ತಿತ್ತು.

ಚಾಚಾ ಇಳಿದು ಕೀಲಿ ತೆಗೆದು, ಬುಧವಾರ ಇಟ್ಟ ಜಾಗದಲ್ಲೇ, ಬಾನೆಟ್ಟಿನ ಮೇಲೆ ಇಟ್ಟ. ವಕೀಲರು ಅದನ್ನು ನೋಡುತ್ತ ನಿಂತರು. ಅಮೀನಪ್ಪ ಕೆಮ್ಮಿದ. ಆಗ ವಕೀಲರು ಕೀಲಿ ಎತ್ತಿ ಚಾಚಾನ ಕೈಯಲ್ಲಿ ಹಾಕಿದರು.

“ಸೋಮವಾರ ಎಂಟಕ್ಕ ಬಾ. ಬಾಗಲಕೋಟಿ ಕೋರ್ಟಿಗೆ ಹೋಗೂದದ.”

“ಅರ್ಜಿ?” ಎಂದೆ ನಾನು.

“ಬರಿಯೂದಿಲ್ಲ.”

ಚಾಚಾ ಕೀಲಿಯನ್ನು ಮುಚ್ಚಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಆ ಕಡೆ ತಿರುಗಿ ನಿಂತ. ಮಳೆ ನಿಂತ ಮೇಲೂ ಅವನ ಗಡ್ಡ ಒದ್ದೆಯಾಗಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಂದಿ ಇನ್ನೂ ಅಲ್ಲೇ ಇದ್ದರು, ವಕೀಲರಿಗೆ ಕೊನೆಯ ಮಾತು ತಮ್ಮದಾಗಬೇಕಿತ್ತು. ನಗುತ್ತ ನನ್ನ ಕಡೆ ತಿರುಗಿದರು.

“ಭಪ್ಪರೆ. ಹುಳಾ ಏನೋ ಮಾಡಿ ತೋರಿಸ್ತು. ಇಷ್ಟ ದಿನಾ ಏನ್ ಅಡ್ಡ ಬಂದಿತ್ತಲೇ ಅದರಾಗ? ಖಾದರಾ ಏನ್ ಸುರಿದಿದ್ದ? ಹೇಳು, ಮಂದಿನೂ ಕೇಳ್ಲಿ.”

ಖಾದರಾ ಏನು ಸುರಿದಿದ್ದ! ನನ್ನ ಕಿವಿ ಕಾದವು. ನಾಲಿಗೆಯ ತುದಿಗೆ ಎಲ್ಲವೂ ಬಂದು ನಿಂತಿತ್ತು: ದೀಪ, ಬತ್ತಿ, ತೀರ್ಥ, ಮುಟ್ಟಬ್ಯಾಡ ಎಂದ ಮಾತು. ಒಂದು ಉಸಿರಿನಲ್ಲಿ ಹೇಳಿದರೆ ಈ ಗಿಡದ ಕೆಳಗೆ ಅವರು ಇನ್ನೆಂದೂ ಟೊಪ್ಪಿಗೆ ನೆಟ್ಟಗೆ ಹಾಕಿಕೊಂಡು ನಿಲ್ಲುವ ಹಾಗಿರಲಿಲ್ಲ. ಚಾಚಾ ನನ್ನನ್ನು ನೋಡುತ್ತಿದ್ದ. ಬ್ಯಾಡ ಎನ್ನಲಿಲ್ಲ. ಹೇಳು ಎನ್ನಲೂ ಇಲ್ಲ.

ನಾನು ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ವಕೀಲರ ಕೈಯಲ್ಲಿ ಇಟ್ಟೆ.

ಅವರು ನಗುತ್ತಲೇ ತೆರೆದರು. ಕೆಂಪುಹಳದಿ ಅಂಟು. ಕುಂಕುಮ. ಹುರಿಯಿಲ್ಲದ ಬಿಳಿ ಎಳೆ. ಕರಿಯ ತುಳಸಿ ಎಲೆ. ಮೂಗಿನ ಹತ್ತಿರ ತಂದರು. ಮೂರು ವರ್ಷ ತಮ್ಮ ಕೈಯಿಂದಲೇ ಬಿಟ್ಟ ಎಣ್ಣೆಯ ವಾಸನೆ ಅವರಿಗೆ ತಿಳಿಯದೆ ಇದ್ದೀತೆ? ನಗು ಮುಖದ ಮೇಲೆಯೇ ಉಳಿಯಿತು, ಅದರ ಹಿಂದಿದ್ದ ವಕೀಲರು ಹೊರಟುಹೋದರು. ಪೆಟ್ಟಿಗೆಯನ್ನು ಟಪ್ಪನೆ ಮುಚ್ಚಿ ಕೋಟಿನ ಕಿಸೆಗೆ ಹಾಕಿಕೊಂಡರು.

“ಏನೈತ್ರಿ ಅದರಾಗ?” ಎಂದು ಅಮೀನಪ್ಪ ಕತ್ತು ಚಾಚಿದ.

ವಕೀಲರು ಅವನನ್ನು ಬಿಟ್ಟು ನನ್ನ ಹತ್ತಿರ ಬಂದರು. ಅಷ್ಟು ಹತ್ತಿರ ಅವರು ಎಂದೂ ಬಂದಿರಲಿಲ್ಲ. ದನಿ ತಗ್ಗಿಸಿದರು. ಬಾಯಲ್ಲಿ ಲೇ ಇರಲಿಲ್ಲ.

“ಹುಚ್ಚೇಶಪ್ಪಾ, ಇದನ್ನ ಯಾರ್ಯಾರ ಮುಂದ ಹೇಳೀದಿಪಾ?”

ನನ್ನ ರಿಪೇರಿ ಪೆಟ್ಟಿಗೆ ಗಿಡದ ಬುಡದಲ್ಲಿತ್ತು. ಅದನ್ನು ಅಲ್ಲೇ ಬಿಟ್ಟೆ. ಸೋಮವಾರ ಅಲ್ಲೇ ಕೂರುವವನು ನಾನು. ಸೈಕಲ್ಲಿನ ಸೀಟಿನ ಮೇಲಿನ ನೀರನ್ನು ಅಂಗೈಯಿಂದ ಒರೆಸಿದೆ.

“ಹುಚ್ಚೇಶಪ್ಪಾ, ಕೇಳಾಕತ್ತೀನಿ.”

ಸೈಕಲ್ ತಳ್ಳಿಕೊಂಡು ಮಂದಿಯ ನಡುವಿನಿಂದ ಹೊರಗೆ ಬಂದೆ. ಅವರು ದಾರಿ ಬಿಟ್ಟರು. ಇಲಕಲ್ಲಿನ ರಸ್ತೆಯ ಕೆಂಪು ಕೆಸರಿನಲ್ಲಿ ಹತ್ತು ಮಾರು ನಡೆದಾಗ ಮೂರನೇ ಸಲ ನನ್ನ ಹೆಸರು ಕೇಳಿಸಿತು. ನಾನು ಹಿಂದೆ ನೋಡದೆ ನಡೆದೆ.